ಹಾಡುವವಳನ್ನು ಓಡಿಸಿದ ತಂತಿ

ಚಾಮರಾಜನಗರದ ಆರ್ಕೆಸ್ಟ್ರಾದವರಿಗೆ, ಬ್ಯಾಂಡ್‌ಸೆಟ್ಟಿನವರಿಗೆ, ಹೊಸದಾಗಿ ಕೀಬೋರ್ಡ್ ಕಲಿಯುವವರಿಗೆ ಶಬೀನಾ ಎಂದರೆ ‘ಪಿನ್ನಕ್ಕ’. ಕೀಬೋರ್ಡಿನ ದಪ್ಪ ತೂತಿಗೂ ಹೆಡ್‌ಫೋನಿನ ಸಣ್ಣ ಪಿನ್ನಿಗೂ ಹೊಂದಿಕೆಯಾಗದೆ ತಲೆ ಕೆರೆದುಕೊಳ್ಳುವವರೆಲ್ಲ ಆಕೆಯ ಮನೆಯ ಮೆಟ್ಟಿಲು ಹತ್ತುತ್ತಾರೆ. ಸೋಪಿನ ಡಬ್ಬಿಯಷ್ಟು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಕೀಬೋರ್ಡಿನಿಂದ ಒಂದು ವೈರು, ಮೊಬೈಲಿನಿಂದ ಒಂದು ವೈರು, ಹೆಡ್‌ಫೋನಿಗೆ ಒಂದು ತೂತು. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಅದರ ಜೊತೆಗೇ ನುಡಿಸುತ್ತ ಅಭ್ಯಾಸ ಮಾಡಬಹುದು. ಎರಡೂ ನುಡಿಸುವವನ ಕಿವಿಗಷ್ಟೇ ಕೇಳುತ್ತವೆ.

ಈ ವಿದ್ಯೆ ಕಲಿಸಿದ್ದು ತಂದೆ ಬಷೀರ್ ಅಹಮದ್. ಗುಂಡ್ಲುಪೇಟೆಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಮಗಳು ಚಿಕ್ಕವಳಿದ್ದಾಗ ಒಮ್ಮೆ ಹೆಡ್‌ಫೋನಿನ ಪಿನ್ ಬಿಚ್ಚಿ ಒಂದು ಆಟ ತೋರಿಸಿದ್ದರು. ಒಳಗೆ ಮೂರು ತಂತಿ. ಒಂದು ಎಡಗಿವಿಗೆ, ಒಂದು ಬಲಗಿವಿಗೆ, ಮೂರನೆಯದು ಎರಡಕ್ಕೂ ಸೇರಿದ ಅರ್ತ್. ಆ ಅರ್ತ್ ಬಿಡಿಸಿಟ್ಟರೆ ಎರಡು ಕಡೆಯೂ ಒಂದೇ ಸಮ ಇರುವ ದನಿ, ಅಂದರೆ ಹಾಡುವವರ ದನಿ, ಮಾಯವಾಗುತ್ತದೆ. ಅಕ್ಕಪಕ್ಕದ ವಾದ್ಯಗಳು ಮಾತ್ರ ಉಳಿಯುತ್ತವೆ. “ನೋಡು, ಹಾಡುವವಳು ಓಡಿಹೋದಳು,” ಎಂದು ತಂದೆ ನಕ್ಕಿದ್ದರು. ಶಬೀನಾ ಅದನ್ನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಗಂಡ ವಸೀಂ ಹಗಲು ಫರ್ನಿಚರ್ ಅಂಗಡಿಯಲ್ಲಿ ಮರಕ್ಕೆ ಪಾಲಿಶ್ ಹಾಕುತ್ತಾನೆ, ಮದುವೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಮನೆಯಲ್ಲಿ ನುಡಿಸಿದರೆ ಕೆಳಗಿನ ಮನೆಯ ಗೋವಿಂದಯ್ಯನವರಿಗೆ ಆಗುವುದಿಲ್ಲ. ಅವರು ಮನೆಯ ಮಾಲೀಕರು, ಮೇಲಾಗಿ ನಿವೃತ್ತ ಮೇಷ್ಟ್ರು; ಬಾಡಿಗೆಗೆ ಕೊಡುವಾಗಲೇ ಸದ್ದಿನ ವಿಷಯ ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಶಬೀನಾ ಮಾಡಿದ ಮೊಟ್ಟಮೊದಲ ಡಬ್ಬಿ ಗಂಡನಿಗೇ. ಪಿನ್ನಕ್ಕನ ವ್ಯವಹಾರ ಶುರುವಾದದ್ದೇ ಅಲ್ಲಿಂದ.

ವಸೀಂ ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಆದರೆ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವನೂ ಅಲ್ಲ. ಆಕೆ ಒಂದು ಮಾತು ಅರ್ಧಕ್ಕೆ ತರುವಷ್ಟರಲ್ಲಿ “ಸರಿ ಬಿಡು” ಎಂದುಬಿಡುತ್ತಿದ್ದ. ಮಗಳು ಸಬಾಳ ಶಾಲೆಯ ವಿಷಯವಾಗಲಿ, ಸೋರುವ ನಲ್ಲಿಯಾಗಲಿ, ತವರಿನ ಸುದ್ದಿಯಾಗಲಿ, ಎಲ್ಲಕ್ಕೂ ಅದೇ ಉತ್ತರ. ಶಬೀನಾ ಅದಕ್ಕೆ ಒಗ್ಗಿಕೊಂಡಿದ್ದಳು, ರಂಜಿನಿ ಬರುವ ತನಕ.

ರಂಜಿನಿ ಉಡಿಗಾಲದ ಹುಡುಗಿ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಹಿಂದಿನ ವರ್ಷ ಆರ್ಕೆಸ್ಟ್ರಾಗೆ ಹಾಡಲು ಸೇರಿದ್ದಳು. ತಂಡದವರೇ ಕಟ್ಟಿದ ಹೊಸ ಹಾಡೊಂದನ್ನು ಅವಳು ಮೈಸೂರಿನ ಸ್ಟುಡಿಯೊದಲ್ಲಿ ಹಾಡಿ ಬಂದಿದ್ದಳು. ಅದೀಗ ವಸೀಂನ ಮೊಬೈಲಿನಲ್ಲಿತ್ತು. ಗುಂಡ್ಲುಪೇಟೆಯ ಮದುವೆಯೊಂದರಲ್ಲಿ ಅದನ್ನು ಮೊದಲ ಸಲ ಹಾಡಬೇಕಿತ್ತು. ವಸೀಂ ದಿನಾ ಸಂಜೆ ಕೆಲಸದಿಂದ ಬಂದವನೇ ಚಹಾ ಕುಡಿದು ಹೆಡ್‌ಫೋನ್ ಏರಿಸಿ ಕೂರುತ್ತಿದ್ದ.

ಶಬೀನಾಗೆ ಕೇಳುತ್ತಿದ್ದದ್ದು ಕೀಬೋರ್ಡಿನ ಕರಿಬಿಳಿ ಮನೆಗಳ ಟಕಟಕ ಸದ್ದು ಮಾತ್ರ. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಒಮ್ಮೊಮ್ಮೆ ಬೆರಳು ನಿಲ್ಲಿಸಿ, ಮುಂದೆ ಬಾಗಿ, ಏನನ್ನೋ ಕಾಯುತ್ತಿದ್ದ. ಆಮೇಲೆ ಮುಖ ಅರಳುತ್ತಿತ್ತು. “ಆಹಾ” ಎನ್ನುತ್ತಿದ್ದ. ಶಬೀನಾ ಮಾಡಿದ ಬಿರಿಯಾನಿಗೂ ಈ ಮನುಷ್ಯ ಒಂದು ದಿನವೂ ಆಹಾ ಎಂದವನಲ್ಲ.

ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಮರ್ಯಾದೆ ಉಳಿಸಿಕೊಳ್ಳುವುದು ಬೇಡ. ಶಬೀನಾಗೆ ಹೊಟ್ಟೆ ಉರಿಯಿತು. ತಾನು ಬೆರಳು ಸುಟ್ಟುಕೊಂಡು ಬೆಸೆದ ತಂತಿಯಲ್ಲೇ ರಂಜಿನಿ ಹರಿದು ಬಂದು ಗಂಡನ ಎರಡು ಕಿವಿಯಲ್ಲೂ ಕೂತಿದ್ದಾಳಲ್ಲ ಎಂದು ಉರಿಯಿತು. ಇಬ್ಬರ ನಡುವೆ ಏನೂ ಇಲ್ಲ ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ?

ಒಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಡಬ್ಬಿ ಬಿಚ್ಚಿದಳು. ಕೀಬೋರ್ಡಿನ ವೈರಿಗೆ ಕೈ ಹಚ್ಚಲಿಲ್ಲ. ಮೊಬೈಲಿನ ವೈರಿನ ಅರ್ತ್ ಒಂದನ್ನೇ ಬಿಡಿಸಿ, ತುದಿಗೆ ಟೇಪು ಸುತ್ತಿ, ಡಬ್ಬಿ ಮುಚ್ಚಿದಳು.

ಸಂಜೆ ವಸೀಂ ಹೆಡ್‌ಫೋನ್ ಹಾಕಿದ, ತೆಗೆದ, ಮತ್ತೆ ಹಾಕಿದ. “ಅವಳ ದನಿಯೇ ಬರ್ತಾ ಇಲ್ಲವಲ್ಲೇ. ಎಲ್ಲೋ ಬಾವಿಯೊಳಗಿಂದ ಬಂದ ಹಾಗಿದೆ.”

“ವೈರು ಹಳೇದು. ವಾದ್ಯ ಕೇಳ್ತಿದೆ ತಾನೆ, ಅಭ್ಯಾಸಕ್ಕೆ ಅಷ್ಟು ಸಾಕು. ಹೊಸಾ ವೈರು ತಂದಾಗ...”

“ಸರಿ ಬಿಡು,” ಎಂದ ವಸೀಂ.

ಆ ಒಂದು ದಿನ ಆ ಮಾತು ಶಬೀನಾಗೆ ಸಕ್ಕರೆಯಂತಿತ್ತು. ಅವನು ನುಡಿಸಿದ. ತಲೆದೂಗಲಿಲ್ಲ, ಕಾಯಲಿಲ್ಲ, ಆಹಾ ಎನ್ನಲಿಲ್ಲ. ಆ ರಾತ್ರಿ ಶಬೀನಾ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಮದುವೆ ಬರುವ ತನಕವೂ ಹೊಸ ವೈರು ಬರಲಿಲ್ಲ, ಅವನೂ ಜ್ಞಾಪಿಸಲಿಲ್ಲ.

ಗುಂಡ್ಲುಪೇಟೆ ತವರೂರಾದ್ದರಿಂದ ಮದುವೆಗೆ ಶಬೀನಾಳೂ ಹೋದಳು. ಛತ್ರ ತುಂಬಿತ್ತು. ರಂಜಿನಿ ಹಸಿರು ಸೀರೆಯುಟ್ಟು ಬಂದು ಹೊಸ ಹಾಡು ಎತ್ತಿಕೊಂಡಳು. ಚರಣದ ಕೊನೆಯಲ್ಲಿ ಅವಳು ಒಂದು ಸ್ವರವನ್ನು ಹಿಡಿದು ಉದ್ದಕ್ಕೆ ಎಳೆಯಬೇಕು, ಅವಳು ಇಳಿದ ಮೇಲೆ ಕೀಬೋರ್ಡ್ ಏಳಬೇಕು. ಆ ಜಾಗ ಬಂತು. ಅವಳು ಸ್ವರ ಹಿಡಿದಳು. ಇನ್ನೂ ಉಸಿರಿದೆ, ನಿಲ್ಲು ಎನ್ನುವಂತೆ ಎಡಗೈ ಅಂಗೈಯನ್ನು ವಸೀಂನತ್ತ ಎತ್ತಿ ತೋರಿಸಿದಳು. ವಸೀಂ ತಲೆ ಎತ್ತಿ ನೋಡಲೇ ಇಲ್ಲ. ದನಿಯಿಲ್ಲದ ಹಾಡಿಗೆ ಒಗ್ಗಿದ ಬೆರಳುಗಳು ತಮ್ಮ ಪಾಡಿಗೆ ಓಡಿದವು. ಅವಳ ಸ್ವರ ಒಂದು ಕಡೆ, ಅವನ ಕೀಬೋರ್ಡ್ ಒಂದು ಕಡೆ.

“ಏನ್ಲಾ, ಕೀಬೋರ್ಡ್‌ನೋನ್ಗೆ ಬಸ್ಸಿಗೆ ಒತ್ತಾಯ್ತಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಛತ್ರವೆಲ್ಲ ನಕ್ಕಿತು.

ವಸೀಂನ ಕಿವಿ ಕೆಂಪಾದದ್ದು ಶಬೀನಾಗೆ ಕೂತಲ್ಲಿಂದಲೇ ಕಂಡಿತು. ತಾನು ಬಯಸಿದ್ದು ಇದಲ್ಲ. ಅವನು ಅವಳನ್ನು ಕೇಳಬಾರದು ಎಂದಷ್ಟೇ ಬಯಸಿದ್ದು, ಜನ ಅವನನ್ನು ನೋಡಿ ನಗಲಿ ಎಂದಲ್ಲ. ಅಷ್ಟರಲ್ಲಿ ರಂಜಿನಿ ಮೈಕಿನಲ್ಲಿ ಹೇಳಿದಳು: “ತಪ್ಪು ನಂದೇ ಕಣ್ರಪ್ಪ. ನಾನೇ ಜಾಸ್ತಿ ಎಳ್ದ್‌ಬುಟ್ಟೆ.” ಜನ ಅದಕ್ಕೂ ನಕ್ಕು ಚಪ್ಪಾಳೆ ತಟ್ಟಿದರು. ದೊಡ್ಡತನವೂ ಅವಳದೇ ಆಯಿತಲ್ಲ ಎಂದು ಶಬೀನಾಗೆ ಮತ್ತಷ್ಟು ಉರಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ವಸೀಂ ಒಂದೇ ಮಾತು ಆಡಿದ. “ಅವಳ ಉಸಿರು ನನಗೆ ತಪ್ಪಿಹೋಯಿತು.” ಶಬೀನಾ ಕಿಟಕಿಯ ಕಡೆ ತಿರುಗಿಕೊಂಡಳು.

ನಾಲ್ಕು ದಿನ ಕಳೆದಿರಲಿಲ್ಲ, ರಂಜಿನಿ ಮನೆಗೇ ಬಂದಳು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಶಬೀನಾ ತಂತಿಯಿಂದ ಓಡಿಸಿದ್ದ ಹಾಡುವವಳೇ ಮೆಟ್ಟಿಲು ಹತ್ತಿ ನಡುಮನೆಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಶಬೀನಾ ತನ್ನ ಬುದ್ಧಿಗೆ ತಾನೇ ಹಣೆ ಚಚ್ಚಿಕೊಳ್ಳಬೇಕೆನಿಸಿ ಚಹಾ ಇಡಲು ಎದ್ದಳು.

“ಅಕ್ಕ, ಒಸಿ ಉಪಕಾರ ಆಗ್ಬೇಕು,” ಎಂದಳು ರಂಜಿನಿ. “ಮುಂದಿನ್ ವಾರ ಮತ್ತೆ ಅದೇ ಆಡು ಐತೆ. ಅಣ್ಣನೂ ನಾನೂ ಒಟ್ಗೆ ಕೇಳ್ಕಂಡು ಕಲೀಬೇಕು. ಕೆಳ್ಗಡೆ ಮೇಷ್ಟ್ರು ಬಯ್ತಾರಂತಲ್ಲ. ಎಲ್ಡು ಎಡ್‌ಫೋನು ಆಕೋ ಅಂಗೆ ಆ ಡಬ್ಬಿ ಮಾಡ್ಕೊಡಕ್ಕಾಯ್ತದಾ?”

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಪಿನ್ನಕ್ಕನ ಕೈಯಲ್ಲಿ ಆಗದ ಕೆಲಸ ಎಂದು ಇವಳ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಬೆಸುಗೆ ಕಡ್ಡಿ ಕಾಯಿಸಿದಳು. ಟೇಪು ಬಿಚ್ಚಿ, ಅರ್ತನ್ನು ಅದರ ಜಾಗಕ್ಕೆ ಬೆಸೆದಳು. ಹೊಗೆ ಕಣ್ಣಿಗೆ ಹೋಯಿತೆಂದು ಸೆರಗಿನಿಂದ ಒರೆಸಿಕೊಂಡಳು. ಇನ್ನೊಂದು ತೂತು ಕೊರೆದಳು. ಆಮೇಲೆ ಯಾರೂ ಕೇಳದಿದ್ದ ಮೂರನೆಯದನ್ನೂ ಕೊರೆದಳು. ಇಷ್ಟು ದಿನ ತನ್ನ ಹೊಟ್ಟೆ ಉರಿಸಿದ್ದು ಏನು ಎಂದು ತಾನೂ ಒಮ್ಮೆ ಕೇಳಬೇಕಿತ್ತು.

ವಸೀಂ ಕೆಲಸದಿಂದ ಬಂದ ಮೇಲೆ ಮೂವರೂ ಹೆಡ್‌ಫೋನ್ ಹಾಕಿ ಕೂತರು. ರಂಜಿನಿ ಒಂದು ಕಿವಿಯದನ್ನು ಹಿಂದಕ್ಕೆ ಸರಿಸಿ, ತನ್ನ ದನಿ ತನಗೆ ಕೇಳುವಷ್ಟು ಮೆಲ್ಲಗೆ ಗುನುಗಿಕೊಂಡಳು. “ಓ, ದನಿ ಬಂತು,” ಎಂದ ವಸೀಂ, ಹೆಂಡತಿಯ ಕಡೆ ನೋಡದೆ.

ದನಿ ಚೆನ್ನಾಗಿತ್ತು. ಕೆಟ್ಟದಾಗಿರಲಿ ಎಂದು ಶಬೀನಾ ಎಷ್ಟು ಬೇಡಿಕೊಂಡರೂ ಚೆನ್ನಾಗಿಯೇ ಇತ್ತು. ಆದರೆ ಆಕೆಯನ್ನು ಚುಚ್ಚಿದ್ದು ದನಿಯಲ್ಲ. ಚರಣದ ಕೊನೆಯಲ್ಲಿ ಅವಳು ಸ್ವರ ಎಳೆದಾಗ ವಸೀಂನ ಕೀಬೋರ್ಡ್ ಪೂರ್ತಿ ಸುಮ್ಮನಾಯಿತು. ಅವಳು ಏರಿದಳು, ಇವನು ಕಾದ. ಅವಳು ಅಲ್ಲೇ ನಿಂತಳು, ಇವನು ಕಾದ. ಅವಳ ಉಸಿರು ಮುಗಿದು, ಕೊನೆಯ ಅಕ್ಷರ ನೆಲಕ್ಕೆ ಇಳಿದು ಕೂತ ಮೇಲೆ ಇವನು ಒಂದೇ ಒಂದು ಮನೆ ಮುಟ್ಟಿದ. ಇಷ್ಟು ತಾಳ್ಮೆ ಈ ಮನುಷ್ಯನಲ್ಲಿ ಇತ್ತೆಂದು ಶಬೀನಾಗೆ ಮದುವೆಯಾದಂದಿನಿಂದ ಗೊತ್ತೇ ಇರಲಿಲ್ಲ. ಇತ್ತು, ತನಗೆ ಸಿಕ್ಕಿರಲಿಲ್ಲ.

ಆಕೆ ಹೆಡ್‌ಫೋನ್ ಕಿತ್ತು ಚಾಪೆಯ ಮೇಲಿಟ್ಟಳು. “ಅವಳ ಉಸಿರು ಮುಗಿಯೋ ತನಕ ಕಾಯ್ತೀರಿ,” ಎಂದಳು ಗಂಡನಿಗೆ, ಮನೆಮಾತು ಉರ್ದುವಿನಲ್ಲಿ. “ನನ್ನ ಒಂದು ಮಾತು ಮುಗಿಯೋ ತನಕ ಯಾವತ್ತಾದರೂ ಕಾದಿದ್ದೀರಾ?”

ವಸೀಂ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅವನ ಕಿವಿಯಲ್ಲಿ ಹಾಡು ಓಡುತ್ತಿತ್ತು.

ಕೇಳಿಸಿದ್ದು ರಂಜಿನಿಗೆ. ಉರ್ದು ಅವಳಿಗೆ ಬಾರದು. ಶಬೀನಾಳ ಮುಖ ನೋಡಿದಳು, ಕೈ ಚಾಚಿ ವಸೀಂನ ಪಿನ್ನನ್ನು ಡಬ್ಬಿಯಿಂದ ಕಿತ್ತಳು. ಅವನು ಬೆಚ್ಚಿ ಕಣ್ಣು ಬಿಟ್ಟ.

“ಅಣ್ಣ, ಅಕ್ಕ ನಿಮ್ಗೆ ಏನೋ ಯೋಳ್ತಾವ್ರೆ. ನಂಗೆ ಅರ್ತ ಆಗ್ನಿಲ್ಲ, ನೀವ್ ಕೇಳಿ.”

ಈ ಉಪಕಾರವನ್ನೂ ಇವಳೇ ಮಾಡಬೇಕಿತ್ತೇ ಎಂದು ಶಬೀನಾಳ ಹೊಟ್ಟೆ ಇನ್ನೊಮ್ಮೆ ಉರಿಯಿತು. ಆದರೂ ಸಿಕ್ಕಿದ್ದನ್ನು ಬಿಡುವಷ್ಟು ಪೆದ್ದಿಯಲ್ಲ ಆಕೆ. ಅದೇ ಮಾತನ್ನು ಮೊದಲಿನಿಂದ ಎತ್ತಿಕೊಂಡಳು. ಅರ್ಧಕ್ಕೆ ಬಂದಿದ್ದಳೋ ಇಲ್ಲವೋ, ವಸೀಂನ ತುಟಿ ‘ಸರಿ’ ಎನ್ನಲು ತೆರೆಯಿತು.

ರಂಜಿನಿ ಎಡಗೈಯ ಅಂಗೈಯನ್ನು ಅವನತ್ತ ಎತ್ತಿ ಹಿಡಿದಳು. ಈ ಸಲ ಅವನು ನೋಡಿದ, ಬಾಯಿ ಮುಚ್ಚಿದ, ಹೆಂಡತಿ ಮುಗಿಸುವ ತನಕ ಕಾದ.