ಆಯುಧಪೂಜೆಯಂದು ಓವನ್ನಿನಲ್ಲೇ ಉಳಿದ ಪುಡಿ

ಶಿವಮೊಗ್ಗದ ದುರ್ಗಿಗುಡಿಯ ಅಮ್ಮನಿಗೆ ನಡೆದುಕೊಳ್ಳುವ ಎಲ್ಲರಿಗೂ ಭದ್ರಾವತಿಯ ಗಿರಿಜಮ್ಮನ ಶರಣು. ಹೋದ ವರ್ಷ ನನ್ನ ಯಜಮಾನರ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಿ, ಮೂಳೆ ಮುಟ್ಟುವಷ್ಟು ಆಳಕ್ಕೆ ಇಳಿದಿತ್ತು.

ನಮ್ಮದು ಫೋಮ್ ಶೆಡ್ಡು. ಬೈಕು, ಆಟೋಗಳಿಗೆ ಸೀಟು ಮಾಡುತ್ತೇವೆ. ಬೇಸಿಗೆಯಲ್ಲಿ ಶೆಡ್ಡಿನ ಮೇಲಿನ ಶೀಟು ಸರಿಮಾಡಲು ಹತ್ತಿದ ಯಜಮಾನರು ಬಿದ್ದರು. ಕಾಲಿನ ಶಕ್ತಿ ಹೋಯಿತು, ನೋವು ಮಾತ್ರ ಹೋಗಲಿಲ್ಲ. ಗಾಳಿ ತುಂಬುವ ಹಾಸಿಗೆ ತಂದರೆ ಅದು ಉಬ್ಬಿ ಇಳಿದಾಗಲೆಲ್ಲ ಕಿರುಚುತ್ತಿದ್ದರು. ಶಿವಮೊಗ್ಗದ ಡಾಕ್ಟರು, "ಬರೀ ಔಷಧಿ ಸಾಲಲ್ಲಮ್ಮಾ. ಭಾರ ಒಂದೇ ಕಡೆ ಬೀಳ್ಬಾರ್ದು, ಗಾಳಿ ಆಡ್ಬೇಕು. ಇಲ್ದಿದ್ರೆ ನಂಜು ರಕ್ತಕ್ಕೇರುತ್ತೆ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಊರಿಗೆಲ್ಲ ಸೀಟು ಮಾಡಿಕೊಟ್ಟ ಮನುಷ್ಯನಿಗೆ ಮೈ ಊರಲು ಅಂಗೈಯಗಲ ಜಾಗವಿಲ್ಲವಲ್ಲ!

ನನ್ನ ತಂಗಿಯ ಮಗಳು ರೂಪಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಫೋಮಿನ ಮೇಲೆಯೇ ಸಂಶೋಧನೆ ಮಾಡುತ್ತಾಳೆ. ಎರಡು ದ್ರವ ಬೆರೆಸಿದರೆ ನೊರೆಯುಕ್ಕಿ ಫೋಮ್ ಆಗುತ್ತದೆ. ಮೊದಲೇ ಅದಕ್ಕೆ ಒಂದು ಜಾತಿಯ ಜೇಡಿಮಣ್ಣಿನ ಪುಡಿ ಸೇರಿಸಿದರೆ ಒಳಗಿನ ರಂಧ್ರಗಳು ಸಣ್ಣಗೆ, ಒಂದೇ ಸಮ ಬರುತ್ತವೆ, ಅಂಥ ಹಾಸಿಗೆಯಲ್ಲಿ ಮೈಭಾರ ಹಂಚಿಹೋಗುತ್ತದೆ ಎಂದಳು. ನ್ಯಾನೋ ಪುಡಿಯಂತೆ, ಅದರ ಕಣ ಕಣ್ಣಿಗೇ ಕಾಣುವುದಿಲ್ಲವಂತೆ. ಅವಳು ತಂದಳು, ನಾನು ಬೆರೆಸಿದೆ. ಬಂದದ್ದು ಕೆಟ್ಟ ದೋಸೆಯ ಹಾಗೆ ದೊಡ್ಡ ದೊಡ್ಡ ತೂತು. ಪುಡಿ ಹೆಚ್ಚಿಸಿದೆವು, ಕಡಿಮೆ ಮಾಡಿದೆವು, ಹೆಚ್ಚು ಹೊತ್ತು ತಿರುವಿದೆವು. ಪ್ರತಿ ಸಲವೂ ಪುಡಿ ಗಂಟುಕಟ್ಟಿ ಫೋಮ್ ಕುಸಿಯಿತು. ಅತ್ತ ಹುಣ್ಣಿನ ವಾಸನೆ ಕೋಣೆಯೆಲ್ಲ ತುಂಬಿತ್ತು. "ನನ್ನ ಬಿಟ್ಬಿಡೇ ಮಾರಾಯ್ತಿ, ಸಾಕು" ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ನವರಾತ್ರಿಯಲ್ಲಿ ಶಿವಮೊಗ್ಗಕ್ಕೆ ಹೋಗಿ ಅಮ್ಮನೆದುರು ನಿಂತೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ನಾನು ಬೇಡಿದ್ದು ಇಷ್ಟೇ: "ಅವ್ರಿಗೆ ಒಂದು ಗಳಿಗೆ ನಿದ್ದೆ ಕೊಡು ತಾಯಿ. ಆಗ್ದಿದ್ರೆ ನಿನ್ನ ಹತ್ರ ಕರ್ಕೊಂಡ್ಬಿಡು."

ಆಯುಧಪೂಜೆಯ ಬೆಳಿಗ್ಗೆ ರೂಪಾ ಉಳಿದಿದ್ದ ಕೊನೆಯ ಪುಡಿಯನ್ನು ಸ್ವಲ್ಪ ಬಿಸಿ ಮಾಡೋಣವೆಂದು ಅಚ್ಚು ಕಾಯಿಸುವ ಓವನ್ನಿನಲ್ಲಿಟ್ಟು ಸ್ನಾನಕ್ಕೆ ಹೋದಳು. ನನಗೆ ಹೇಳಲಿಲ್ಲ. ನಾನು ಎಲ್ಲ ಯಂತ್ರಗಳಿಗೂ ವಿಭೂತಿ ಬಳಿದು, ಓವನ್ನಿಗೂ ಹೂವೇರಿಸಿ ಆರತಿ ಎತ್ತಿಬಿಟ್ಟೆ. ಅವಳು ಓಡಿಬಂದು, "ದೊಡ್ಡಮ್ಮಾ, ಅಯ್ಯೋ, ಅದು ಆನ್ ಇದೆ! ಪುಡಿ ತೆಗೀಬೇಕು" ಎಂದಳು.

ಒಳಗಿಂದ ಯಜಮಾನರು ಗುಡುಗಿದರು. "ಪೂಜೆ ಆದ್ಮೇಲೆ ನಾಳೆ ಕದಲಿಸೋ ತನಕ ಯಾರೂ ಕೈ ಹಚ್ಚೋ ಹಾಗಿಲ್ಲ. ನಾನಿನ್ನೂ ಸತ್ತಿಲ್ಲ!"

ರೂಪಾ ಅತ್ತಳು. ಪುಡಿ ಸುಟ್ಟೇ ಹೋಗುತ್ತದೆ, ಇನ್ನು ಇವರು ಉಳಿಯುವುದಿಲ್ಲ ಎಂದುಕೊಂಡೆ. ಆದರೂ ಎಷ್ಟೋ ದಿನದ ಮೇಲೆ ಅವರು ದನಿಯೆತ್ತಿ ಹೇಳಿದ ಮಾತು ಅದು. ಮೀರಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಯಂತ್ರಗಳನ್ನು ಕದಲಿಸಿ ಬಾಗಿಲು ತೆಗೆದರೆ ಪುಡಿ ಸುಟ್ಟಿರಲಿಲ್ಲ. ರವೆ ರವೆಯಾಗಿದ್ದದ್ದು ಮುಖಕ್ಕೆ ಹಚ್ಚುವ ಪೌಡರಿನಷ್ಟು ಹಗುರಾಗಿತ್ತು. ರೂಪಾ ಹಣೆ ಚಚ್ಚಿಕೊಂಡಳು. "ತೇವ ದೊಡ್ಡಮ್ಮಾ! ಮಳೆಗಾಲದಲ್ಲಿ ತೇವ ಹೀರಿಕೊಂಡಿತ್ತು. ಅದಕ್ಕೇ ಗಂಟು, ಅದಕ್ಕೇ ಅಷ್ಟು ತೂತು. ಬರೀ ಗಂಟೆ ಹೊತ್ತು ಬಿಸಿ ಮಾಡಿದ್ರೆ ಈ ತೇವ ಹೋಗ್ತಿರ್ಲಿಲ್ಲ, ರಾತ್ರಿಯೆಲ್ಲ ಕಾದಿದ್ದಕ್ಕೆ ಹೋಯ್ತು." ಆಗಲೇ ಬೆರೆಸಿ ಅಚ್ಚಿಗೆ ಹೊಯ್ದೆವು. ಅಂಚು ಕೊಯ್ದು ನೋಡಿದರೆ ರಂಧ್ರಗಳು ರಾಗಿಗಿಂತ ಸಣ್ಣವು, ಮೂಲೆಯಿಂದ ಮೂಲೆಗೆ ಒಂದೇ ಸಮ.

ಎರಡು ದಿನ ಆರಲು ಬಿಟ್ಟು, ಮಧ್ಯಾಹ್ನ ಅವರನ್ನು ಅದರ ಮೇಲೆ ಮಲಗಿಸಿ ಗಂಜಿ ತರಲು ಹೋದೆ. ಬಂದಾಗ ನರಳಾಟವಿಲ್ಲ, ಕಣ್ಣು ಮುಚ್ಚಿದೆ. ಅಮ್ಮ ನನ್ನ ಎರಡನೆಯ ಮಾತನ್ನೇ ನಡೆಸಿಕೊಟ್ಟಳು ಎಂದುಕೊಂಡೆ. ಗಂಜಿ ಚೆಲ್ಲಿ, ಅವರ ಭುಜ ಹಿಡಿದು ಅಲ್ಲಾಡಿಸಿದೆ. "ರೀ! ರೀ!"

ಒಂದು ಕಣ್ಣು ತೆರೆದರು. "ಈಗ್ತಾನೇ ನಿದ್ದೆ ಹತ್ತಿತ್ತು. ಹಾಳ್ಮಾಡಿದ್ಯಲ್ಲೇ ಮಾರಾಯ್ತಿ!"

ಈಗ ಹುಣ್ಣಿನಲ್ಲಿ ಕೆಂಪು ಮಾಂಸ ತುಂಬುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ನಡೆಯುತ್ತಾರೆಂದು ಯಾರೂ ಹೇಳಿಲ್ಲ, ಆ ದುಃಖ ಹಾಗೇ ಇದೆ. ಆದರೆ ಕರ್ಕೊಂಡುಬಿಡು ಎಂದು ಇನ್ನೆಂದೂ ಬೇಡುವುದಿಲ್ಲ, ತಾಯಿ. ಇರಲಿ. ನನ್ನನ್ನು ಬೈದುಕೊಂಡಾದರೂ ಇರಲಿ.