ಹೆಣ್ಣು ನೋಡಲು ಹೋದ ಗುರುವಾರಗಳು

ಗುರುವಾರ ದೇವರ ಮುಂದೆ ದೀಪ ಹಚ್ಚುವಾಗ ಈಗಲೂ ನನಗೆ ಬಸ್ಸಿನ ಸದ್ದು ಕೇಳಿಸಿದ ಹಾಗಾಗುತ್ತದೆ. ಮದುವೆಯಾದ ಹೊಸತರಲ್ಲಿ, ಮಕ್ಕಳಾಗುವುದಕ್ಕೆ ಮೊದಲು, ನಾನು ಕೆಲವು ವರ್ಷ ಕೆಲಸಕ್ಕೆ ಹೋಗುತ್ತಿದ್ದೆ. ಮನಶ್ಶಾಸ್ತ್ರ ಓದಿದ್ದೆ. ಹಳ್ಳಿಯ ಹದಿಹರೆಯದ ಮಕ್ಕಳ ಮನಸ್ಸಿನ ತೊಂದರೆ ಕೇಳಿ, ಅವರ ಜೊತೆ ಕೂತು ಮಾತಾಡಿ, ಔಷಧಿ ಬೇಕಾದವರನ್ನು ದೊಡ್ಡ ಡಾಕ್ಟರ ಹತ್ತಿರ ಕಳಿಸುವ ಕೆಲಸ. ರಾಮನಗರದಲ್ಲಿ ಬಸ್ಸು ಹತ್ತಿ, ಚನ್ನಪಟ್ಟಣದಲ್ಲಿ ಇನ್ನೊಂದು ಬಸ್ಸು ಹಿಡಿದು, ಪ್ರತಿ ಗುರುವಾರ ಅಕ್ಕೂರಿನ ಕಡೆಯ ಒಂದು ಊರಿನ ಆಸ್ಪತ್ರೆಗೆ ಹೋಗಬೇಕಿತ್ತು. ದಾರಿಯಲ್ಲಿ ಕೆಂಗಲ್ ಆಂಜನೇಯನ ಗುಡಿ. ಬಸ್ಸಿನಲ್ಲಿದ್ದವರೆಲ್ಲ ಕೂತಲ್ಲೇ ಕೈ ಮುಗಿಯುತ್ತಿದ್ದರು, ಡ್ರೈವರ್ ಒಂದು ಕೈ ಎತ್ತಿ ಎದೆಗೆ ತಾಗಿಸುತ್ತಿದ್ದ. ನಾನು ದೊಡ್ಡದೇನನ್ನೂ ಬೇಡುತ್ತಿರಲಿಲ್ಲ. "ಇವತ್ತು ಬಂದವರು ಒಂದು ಮಾತಾದರೂ ಆಡುವ ಹಾಗೆ ಮಾಡಪ್ಪ" ಎಂದಷ್ಟೇ ಕೇಳುತ್ತಿದ್ದೆ.

ಅದು ಮೈಸೂರು ರಸ್ತೆ ಅಗಲವಾದ ಕಾಲ. ಹಿಪ್ಪುನೇರಳೆ ತೋಟಗಳ ಪಕ್ಕದಲ್ಲೇ ತಗಡಿನ ಸೂರಿನ ಫ್ಯಾಕ್ಟರಿಗಳು ಏಳುತ್ತಿದ್ದವು. ಬೆಳಗಾಗುವುದರೊಳಗೆ ಗಾರ್ಮೆಂಟ್ಸ್ ವ್ಯಾನುಗಳು ಊರೂರಿಗೆ ಬಂದು ಹಾರನ್ ಹೊಡೆಯುತ್ತಿದ್ದವು. ತಲೆಗೆ ಎಣ್ಣೆ ಹಾಕಿ, ಬಿಗಿಯಾಗಿ ಜಡೆ ಹೆಣೆದುಕೊಂಡ ಹುಡುಗಿಯರು ಕೈಯಲ್ಲಿ ಊಟದ ಡಬ್ಬಿ ಹಿಡಿದು ಓಡಿ ಹತ್ತುತ್ತಿದ್ದರು. ಆ ವ್ಯಾನುಗಳಲ್ಲಿ ನಗು ಇರುತ್ತಿತ್ತು. ಅದನ್ನೂ ಹೇಳಬೇಕು.

ಆಸ್ಪತ್ರೆಯಲ್ಲಿ ನನ್ನದು ಹಿಂದಿನ ಕೋಣೆ. ಗುರುವಾರ ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನವಾಗಿದ್ದದ್ದು ನನ್ನ ಪುಣ್ಯ. ನನ್ನ ಬಾಗಿಲಲ್ಲಿ ನಿಂತವರನ್ನು ಕಂಡರೆ ಊರವರು "ಅವರ ಮನೇಲಿ ಯಾರಿಗೋ ತಲೆ ಕೆಟ್ಟೈತೆ" ಅನ್ನುತ್ತಿದ್ದರು. ಅದಕ್ಕೆ ಹೆಂಗಸರು ಪಕ್ಕದ ಮನೆಯ ಕೂಸನ್ನು ಎರವಲು ಪಡೆದು, ಸೊಂಟದ ಮೇಲೆ ಕೂರಿಸಿಕೊಂಡು, ಚುಚ್ಚುಮದ್ದಿನ ಸಾಲಿನಲ್ಲಿ ಒಂದಷ್ಟು ಹೊತ್ತು ನಿಂತು, ಆಮೇಲೆ ಯಾರೂ ನೋಡದಾಗ ನನ್ನ ಕೋಣೆಗೆ ನುಸುಳುತ್ತಿದ್ದರು. ನನ್ನ ಮೇಜಿನ ಮೇಲೆ ಯಾರದೋ ಮಕ್ಕಳು ಉಚ್ಚೆ ಹೊಯ್ದದ್ದಕ್ಕೆ ಲೆಕ್ಕವಿಲ್ಲ.

ಆ ಅಜ್ಜಿಯೂ ಹಾಗೇ ಬಂದದ್ದು. ಕಂಕುಳಲ್ಲಿದ್ದ ಕೂಸು ಅರಚುತ್ತಿತ್ತು.

"ನಂದಲ್ಲ ಕಣವ್ವ ಇದು, ಪಕ್ಕದ ಮನೇದು. ನಂದು ಮನೇಲೈತೆ, ಮೊಮ್ಮಗ್ಳು. ಬಾಯೇ ಬುಡಾಕಿಲ್ಲ" ಎಂದಳು.

ಮೊಮ್ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳಂತೆ. ಒಂದು ದಿನ ಸಂಜೆ ವ್ಯಾನಿನಿಂದ ಇಳಿದವಳು ಮಾತಾಡಲಿಲ್ಲ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಗಾಳಿ ಮೆಟ್ಟಿದೆ ಎಂದು ತಾಯತ ಕಟ್ಟಿಸಿದರು, ಗಂಟಲಿನ ಡಾಕ್ಟರಿಗೆ ತೋರಿಸಿದರು. ಗಂಟಲು ಸರಿಯಾಗಿಯೇ ಇತ್ತು. ಈಗ ಹುಡುಗಿಯ ಅಪ್ಪ ಮಾಗಡಿ ಕಡೆಯ ಒಂದು ಗಂಡಿಗೆ ಮಾತು ಕೊಟ್ಟಿದ್ದಾನೆ.

"ಮೂರು ಗಂಟು ಬಿದ್ರೆ ಎಲ್ಲಾ ಸರಿಹೋಯ್ತದೆ ಅಂತಾನೆ. ಈ ಬೆಳೆ ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹೋದೇಟ್ಗೆ ಲಗ್ನ ಅಂತವ್ನೆ. ಬ್ಯಾಡ ಅನ್ನಾಕೂ ಬಾಯಿ ಬ್ಯಾಡ್ವಾ ಮಗೀಗೆ? ಅಷ್ಟರೊಳಗೆ ಒಂದು ಮಾತು ಬರಿಸ್ಕೊಡವ್ವ."

ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದೆ. ಅಜ್ಜಿ ತಲೆ ಅಲ್ಲಾಡಿಸಿದಳು. ನಾನೇ ಮನೆಗೆ ಬಂದರೆ ಆಗುತ್ತದಾ ಎಂದರೆ, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, "ಬನ್ನಿ. ಒಳ್ಳೇ ಸೀರೆ ಉಟ್ಕಂಡು, ಹೂವ ಮುಡ್ಕಂಡು ಬನ್ನಿ" ಅಂದಳು. ಮುತ್ತೈದೆ ಮನೆಗೆ ಬರುವಾಗ ಲಕ್ಷಣವಾಗಿ ಬರಲಿ ಎಂದಿರಬೇಕು ಎಂದುಕೊಂಡೆ.

ಮುಂದಿನ ಗುರುವಾರ ಹೂವು ಮುಡಿದೇ ಹೋದೆ. ಅಂಗಳದ ಒಂದು ಬದಿಗೆ ರೇಷ್ಮೆ ಹುಳು ಸಾಕುವ ಮನೆ, ಅದರ ಗೋಡೆಗೆ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳು ಹಣ್ಣಾದ ಮೇಲೆ ಗೂಡು ಕಟ್ಟುವುದು ಅದರ ಮೇಲೆಯೇ. ಜಗುಲಿಯ ಮೇಲೆ ಚಾಪೆ ಹಾಸಿತ್ತು. ತಟ್ಟೆಯಲ್ಲಿ ಬಾಳೆಹಣ್ಣು, ಉಪ್ಪಿಟ್ಟು. ಇದೇನು ಇಷ್ಟೊಂದು ಉಪಚಾರ ಎಂದು ನನಗೆ ಸಂಕೋಚವಾಯಿತು. ಹುಡುಗಿ ಕಾಫಿ ತಂದಿಟ್ಟು ತಲೆ ತಗ್ಗಿಸಿ ನಿಂತಳು. ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದೆ.

"ನಿನ್ನ ಹೆಸರೇನಮ್ಮ? ಎಲ್ಲೀವರೆಗೆ ಓದಿದ್ದೀಯ? ಊಟ ಸೇರುತ್ತಾ? ರಾತ್ರಿ ನಿದ್ದೆ ಬರುತ್ತಾ? ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತೀಯಾ?"

ಅವಳು ಒಂದಕ್ಕೂ ಬಾಯಿ ತೆರೆಯಲಿಲ್ಲ. ಕಣ್ಣಲ್ಲಿ ಮಾತ್ರ ಒಂದು ಸಿಟ್ಟಿತ್ತು. ಮನಸ್ಸು ಕುಗ್ಗಿದವರ ಕಣ್ಣು ನನಗೆ ಗೊತ್ತು, ಇದು ಆ ಕಣ್ಣಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅದನ್ನೇ ಯೋಚಿಸಿದೆ. ಸಿಟ್ಟು ಉಳಿದಿದೆಯಲ್ಲ, ಅಷ್ಟು ಸಾಕು ಎಂದು ಆಂಜನೇಯನಿಗೆ ಕೈ ಮುಗಿದೆ.

ಮತ್ತೆರಡು ಗುರುವಾರ ಹಾಗೇ ಹೋದವು. ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹುಡುಗಿಯ ಅಪ್ಪ ಆ ಹೊತ್ತಿನಲ್ಲಿ ತೋಟದಲ್ಲಿರುತ್ತಿದ್ದ. ಅಷ್ಟರಲ್ಲಿ ಹುಳುಗಳು ಹಣ್ಣಾಗಿ ಚಂದ್ರಿಕೆ ಹತ್ತಿದ್ದವು. ಅಜ್ಜಿ ನನ್ನನ್ನು ಬೀಳ್ಕೊಡುವಾಗ ಅವುಗಳ ಕಡೆ ಕೈ ತೋರಿಸಿ, "ಇನ್ನೊಂದು ವಾರ ಅಷ್ಟೇ ಕಣವ್ವ" ಅಂದಳು.

ಆ ಇನ್ನೊಂದು ವಾರದ ಗುರುವಾರ ನಾನು ಹೋದಾಗ ಅಂಗಳದಲ್ಲಿ ಗೂಡು ಬಿಡಿಸುತ್ತಿದ್ದರು. ಅಜ್ಜಿ, ಹುಡುಗಿ, ಮುಯ್ಯಾಳಾಗಿ ಕೈಜೋಡಿಸಲು ಬಂದ ಪಕ್ಕದ ಮನೆಯ ಹೆಂಗಸು, ಅದೇ ಎರವಲು ಕೂಸಿನ ತಾಯಿ. ಹುಡುಗಿ ಎದ್ದು ಹೋಗಿ ಕಾಫಿ ತಂದಳು. ಪಕ್ಕದ ಮನೆಯವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿಯೇಬಿಟ್ಟಳು.

"ಅಲ್ಲ ಕಣಕ್ಕ, ಎಷ್ಟು ದಪ ಅಂತ ನೋಡೀರಿ ಹೆಣ್ಣ? ಸಂತೇಲಿ ಹಸ ನೋಡೋರೂ ಇಷ್ಟು ನೋಡಾಕಿಲ್ಲ. ಒಪ್ಪೋದಾದ್ರೆ ಒಪ್ಕಳಿ, ಇಲ್ಲಾಂದ್ರೆ ಬುಡಿ. ಗಂಡು ನಿಮ್ಗೆ ತಮ್ಮನೋ, ಮೈದ್ನನೋ?"

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಸೆರಗಿನ ಮರೆಯಲ್ಲಿ ಕಣ್ಣು ಮಿಟುಕಿಸಿ, ಹೂಂ ಅನ್ನು ಎಂದು ಸನ್ನೆ ಮಾಡಿದಳು. ಹೂವು, ಉಪ್ಪಿಟ್ಟು, ಬಾಳೆಹಣ್ಣು ಎಲ್ಲದರ ಅರ್ಥ ಆಗ ಹೊಳೆಯಿತು. ಊರಿನ ಬಾಯಿ ಮುಚ್ಚಿಸಲು ನನ್ನನ್ನು ಹೆಣ್ಣು ನೋಡುವವಳನ್ನಾಗಿ ಮಾಡಿದ್ದಳು. ಪಾಪ, ಮೊಮ್ಮಗಳಿಗೂ ನಿಜ ಹೇಳಿರಲಿಲ್ಲ. ಹೆಸರೇನು, ಏನು ಓದಿದ್ದೀಯ ಎಂದು ನಾನು ಕೇಳಿದಾಗಲೆಲ್ಲ ಅವಳಿಗೆ ನಾನು ಮಾಗಡಿ ಗಂಡಿನ ಅಕ್ಕನಾಗಿ ಕಂಡಿರಬೇಕು.

ಕಾಫಿ ಲೋಟ ಜಗುಲಿಯ ಮೇಲೆ ಟಣ್ಣೆಂದು ಕೂತಿತು.

"ಅವ್ರೇನು ಒಪ್ಪೋದು? ನಾನು ಒಪ್ಪಾಕಿಲ್ಲ!"

ದನಿ ಒಡೆದಿತ್ತು. ಬಹಳ ದಿನ ತೆರೆಯದ ಬಾಗಿಲಿನ ಹಾಗೆ ಕಿರುಗುಟ್ಟಿತು. ಆದರೆ ಜೋರಾಗಿತ್ತು.

ಅಜ್ಜಿಯ ಮಡಿಲಲ್ಲಿದ್ದ ಗೂಡುಗಳೆಲ್ಲ ಅಂಗಳಕ್ಕೆ ಚೆಲ್ಲಿದವು. "ಮಾತಾಡ್ತು ಕಣೇ! ನನ್ನ ಕೂಸು ಮಾತಾಡ್ಬುಡ್ತು!" ಎಂದು ಎದ್ದು ಹುಡುಗಿಯ ಕೆನ್ನೆ ಸವರಿ ನೆಟಿಗೆ ತೆಗೆದಳು. ಪಕ್ಕದ ಮನೆಯವಳು ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ನೋಡಾಕೆ ಬಂದೋರ ಎದ್ರುಗೇ ಹಿಂಗಂದ್ಬುಟ್ಲಲ್ಲ. ಅಜ್ಜಿ ಬೇರೆ ಕುಣೀತಾವ್ಳೆ" ಎಂದು ಕೂಸನ್ನು ಎತ್ತಿಕೊಂಡು ಹೊರಟುಬಿಟ್ಟಳು. ಅವಳು ಆ ಸುದ್ದಿಯನ್ನು ಎಷ್ಟು ಮನೆಗೆ ಹಂಚಿದಳೋ ದೇವರೇ ಬಲ್ಲ.

ಅವಳು ಹೋದ ಮೇಲೆ ನಾನು ಯಾರೆಂದು ಹುಡುಗಿಗೆ ಹೇಳಿದೆ. ಅವಳು ನಂಬಲಿಲ್ಲ.

"ನಿಜ್ವಾಗ್ಲೂ ಗಂಡಿನ ಕಡೆಯೋರಲ್ವಾ?"

"ಆ ಆಂಜನೇಯನಾಣೆ ಅಲ್ಲ. ನನಗೆ ತಮ್ಮನೂ ಇಲ್ಲ, ಮೈದುನನೂ ಇಲ್ಲ."

ಅವಳ ತುಟಿ ಸ್ವಲ್ಪ ಸಡಿಲವಾಯಿತು. ನಾನು ಸೆರಗು ಸಿಕ್ಕಿಸಿ ಚಂದ್ರಿಕೆಯ ಮುಂದೆ ಕೂತು ಗೂಡು ಕೀಳತೊಡಗಿದೆ. ನನ್ನ ಕೈ ನಿಧಾನ. ಅವಳದು ಮಳೆ ಬಿದ್ದ ಹಾಗೆ. ಮುಖ ನೋಡದೆ, ಕೈ ನಿಲ್ಲಿಸದೆ, ಅವಳು ತಡೆತಡೆದು ಹೇಳಿದಳು.

"ಒಂದು ದಿನ ಪೀಸ್ ಕಮ್ಮಿಯಾಯ್ತು ಅಂತ ಲೈನ್ ಮಧ್ಯ ಸ್ಟೂಲ್ ಮ್ಯಾಲೆ ನಿಲ್ಲಿಸ್ಬುಟ್ರು, ಮೇಡಂ. ಎಲ್ಲಾ ಮಿಷನ್ನೂ ನಿಲ್ಲಿಸಿ ನನ್ನೇ ನೋಡ್ತಿದ್ರು. ಯಾಕೆ ಕಮ್ಮಿಯಾಯ್ತು ಹೇಳು, ಹೇಳು ಅಂದ್ರು. ಬಾಯಿಗೆ ಏನೂ ಬರ್ನಿಲ್ಲ. ಮನೆಗೆ ಬಂದ್ಮ್ಯಾಕೂ ಬರ್ನಿಲ್ಲ. ಆಮ್ಯಾಲೆ ನೀವು ಬಂದ್ರಿ. ಮಾತಾಡಿದ್ರೆ ಒಪ್ಕಂಬುಡ್ತೀರಿ ಅಂತ ಹಲ್ಲು ಕಚ್ಕಂಡೆ."

ಅವಳ ಅಪ್ಪ ತೋಟದಿಂದ ಹುಲ್ಲಿನ ಹೊರೆ ಹೊತ್ತು ಬಂದವನು ಬಾಗಿಲಲ್ಲೇ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಹೊರೆ ಇಳಿಸಲಿಲ್ಲ. ಹುಡುಗಿ ಎದ್ದು ಹೋಗಿ ಇಳಿಸಿಕೊಂಡು, "ಅಪ್ಪಾ, ನಂಗೆ ಈಗ ಮದ್ವೆ ಬ್ಯಾಡ" ಅಂದಳು. ಅವನು ಟವಲಿನಿಂದ ಮುಖ ಒರೆಸಿಕೊಂಡ. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದ. "ನೋಡಾನ ಕಣ್ ಮಗ" ಎಂದಷ್ಟೇ ಅಂದ.

ನೋಡುವ ಕಷ್ಟ ಅವನಿಗೆ ಬರಲಿಲ್ಲ. ಪಕ್ಕದ ಮನೆಯವಳ ಸುದ್ದಿ ಮಾಗಡಿಯವರೆಗೂ ಮುಟ್ಟಿತ್ತು. ಮನೆಗೆ ಬಂದವರ ಎದುರೇ ತಿರುಗಿ ಮಾತಾಡುವ ಬಾಯಿಬಡುಕಿ ನಮಗೆ ಬೇಡ ಎಂದು ಗಂಡಿನವರೇ ಹೇಳಿ ಕಳಿಸಿದರು. ಮೂಗಿಯಾದರೂ ಆದೀತು ಎಂದಿದ್ದವರು! ಇದನ್ನು ಹೇಳಿ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನೆದರೆ ನನಗೀಗಲೂ ಒಲೆ ಮುಂದೆ ಒಬ್ಬಳೇ ಇದ್ದಾಗ ನಗು ಬರುತ್ತದೆ.

ನಾನು ಆ ಬೇಸಿಗೆಯುದ್ದಕ್ಕೂ ಹೋದೆ. ನಾನು ಬೇರೆ ಗಂಡಿನ ಕಡೆಯವಳು, ಇನ್ನೂ ಆಸೆ ಬಿಟ್ಟಿಲ್ಲ ಎಂದು ಅಜ್ಜಿ ಊರಿಗೆ ಹೇಳಿಕೊಂಡಿದ್ದಳು. ಮಾತು ಒಂದೇ ದಿನಕ್ಕೆ ಪೂರ್ತಿ ಬರಲಿಲ್ಲ. ಗಂಡಸರು ದನಿಯೆತ್ತಿದರೆ ಮತ್ತೆ ಕಟ್ಟುತ್ತಿತ್ತು. ಉಸಿರು ಹಿಡಿತಕ್ಕೆ ತರುವುದು, ಅಂಗಡಿಗೆ ಹೋಗಿ ಒಂದು ಸಾಮಾನು ಕೇಳಿ ತರುವುದು, ಹೀಗೆ ಸಣ್ಣಸಣ್ಣದರಿಂದ ಹಿಡಿದುಕೊಂಡು ಬಂದೆವು. ಕೊನೆಗೆ ಅವಳು ಬೇರೆ ಫ್ಯಾಕ್ಟರಿಯ ವ್ಯಾನು ಹತ್ತಿದಳು. ತಾನೇ ಆರಿಸಿಕೊಂಡು ಹತ್ತಿದಳು.

ಕೊನೆಯ ಗುರುವಾರ ಅಜ್ಜಿ ನನಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಎಲೆ ಅಡಿಕೆ ಹಾಕಿ, ಬೀದಿಯವರೆಗೆ ಬಂದಳು. ಅಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ಇನ್ನು ಇವ್ರು ಬರಾಕಿಲ್ಲ ಕಣ್ರವ್ವ. ಒಳ್ಳೇ ಜನ. ಏನ್ ಮಾಡಾದು, ನಮ್ಮ ಹುಡ್ಗೀನೇ ಒಪ್ನಿಲ್ಲ" ಅಂದಳು. ಆ ಬೀದಿಯಲ್ಲಿ ಹುಡುಗಿಯೊಬ್ಬಳು ಒಪ್ಪಲಿಲ್ಲ ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಅದಕ್ಕೆ ಮೊದಲು ಯಾರೂ ಆಡಿರಲಾರರು. ನಾನು ತಿರಸ್ಕೃತ ಗಂಡಿನ ಅಕ್ಕನ ಹಾಗೆ ತಲೆ ತಗ್ಗಿಸಿ ನಡೆದೆ.

ಬಸ್ ಸ್ಟಾಪಿನ ಹುಣಸೆಮರದ ಕೆಳಗೆ ಪಕ್ಕದ ಮನೆಯವಳು ನನ್ನನ್ನು ಹಿಡಿದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ಬೇಜಾರ್ ಮಾಡ್ಕಬ್ಯಾಡಿ ಕಣಕ್ಕ. ವಿರೂಪಾಕ್ಷಿಪುರ್ದ ತಾವ ನಮ್ಮಕ್ಕನ ಮಗ್ಳು ಒಬ್ಳು ಅವ್ಳೆ" ಎಂದವಳು, ಸುತ್ತ ನೋಡಿ ದನಿ ತಗ್ಗಿಸಿದಳು. "ರಾತ್ರಿ ನಿದ್ದೆ ಮಾಡಾಕಿಲ್ಲ. ಊಟ ಬುಟ್ಬುಟ್ಟವ್ಳೆ. ಸುಮ್ ಸುಮ್ನೆ ಅಳ್ತಾಳೆ. ನೀವು ಒಂದ್ಸಲ ಹೆಣ್ಣು ನೋಡಾಕೆ ಬಂದ್ರೆ..."

ಬಸ್ಸು ಬಂತು. "ಮುಂದಿನ ಗುರುವಾರ ಬರ್ತೀನಿ. ಉಪ್ಪಿಟ್ಟು ಮಾತ್ರ ಬೇಡ" ಎಂದು ಹತ್ತಿದೆ.