ಮರಿಯಪ್ಪನವರ ಹಿತ್ತಾಳೆ ಟಾರ್ಚು

ಹದಿನಾರನೇ ವಯಸ್ಸಿಗೆ ಹರಿಹರದಲ್ಲಿ ಲೋಹ ಕಡೆಯುವ ಲೇಥಿನ ಮುಂದೆ ನಿಂತ ಮರಿಯಪ್ಪ, ಅರವತ್ತೇಳಕ್ಕೆ ಸಾಗರದಾಚೆಯ ಬ್ರ್ಯಾಂಪ್ಟನ್ನಿನ ಲೇಥೊಂದರ ಮುಂದೆ ನಿವೃತ್ತರಾದರು. ನಡುವೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕನ್ನಡ ಸಂಘದಲ್ಲಿ ಡಾಕ್ಟರು, ಎಂಜಿನಿಯರುಗಳ ಸಾಲಿನಲ್ಲಿ ಕೂತಾಗ ಯಾರಾದರೂ ನಿಮ್ಮದು ಏನು ಓದು ಎಂದರೆ, ಎರಡೂ ಕೈ ಮುಂದೆ ಚಾಚಿ "ಇದೇ ಪುಸ್ತಕ, ಓದ್ಕೊಳ್ಳಿ" ಎನ್ನುತ್ತಿದ್ದರು. ಜಂಬವಿತ್ತು, ಸುಳ್ಳಿರಲಿಲ್ಲ. ಒಕ್ಕಲಿಗ ಮಣ್ಣನ್ನು ಹಿಡಿಯಲ್ಲಿ ಪುಡಿ ಮಾಡಿ ಹದ ಹೇಳುವಂತೆ, ಅವರು ಲೋಹದ ಮೇಲೆ ಹೆಬ್ಬೆರಳು ಆಡಿಸಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನು ಹೇಳುತ್ತಿದ್ದರು. ಕಣ್ಣು ಮೋಸ ಮಾಡೀತು, ಬೆರಳು ಮಾಡದು ಎಂಬುದು ಅವರ ಮಾತು.

ಆ ಬೆರಳುಗಳು ಹೋದ ವರ್ಷ ಸತ್ತವು. ಸಕ್ಕರೆ ಕಾಯಿಲೆ ನರಗಳನ್ನು ಗೆದ್ದಲಿನ ಹಾಗೆ ಒಳಗೊಳಗೇ ತಿಂದಿತ್ತು. ಹತ್ತೂ ಬೆರಳು ಇದ್ದಲ್ಲೇ ಇದ್ದವು, ಮಡಚುತ್ತಿದ್ದವು, ಹಿಡಿಯುತ್ತಿದ್ದವು. ಸುದ್ದಿ ಮಾತ್ರ ತರುತ್ತಿರಲಿಲ್ಲ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಮರಿಯಪ್ಪ ಹೂಂ ಎಂದು ಬಸ್ಸು ಹತ್ತಿ ಮನೆಗೆ ಬಂದರು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೆಂಡತಿ ವೇದವತಿಗೆ "ಶುಗರ್ ಸ್ವಲ್ಪ ಜಾಸ್ತಿ ಐತಂತೆ" ಎಂದಷ್ಟೇ ಹೇಳಿ ಊಟಕ್ಕೆ ಕೂತರು.

ವೇದವತಿಗೆ ಏರ್‌ಪೋರ್ಟಿನ ಹತ್ತಿರ, ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಬೆಳಗಿನ ಶಿಫ್ಟೆಂದರೆ ಐದೂಕಾಲಿಗೆ ಬಸ್ ಸ್ಟಾಪಿನಲ್ಲಿರಬೇಕು. ದೀಪಾವಳಿ ಕಳೆದು ಎರಡು ವಾರಕ್ಕೆ, ಫುಟ್‌ಪಾತಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟಿದ್ದ ನೀರು ಕಾಣದೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಚೀಲದಲ್ಲಿದ್ದ ಪ್ಲಾಸ್ಟಿಕ್ ಟಾರ್ಚಿನ ಸೆಲ್ಲು ಚಳಿಗೆ ಸೋತಿತ್ತು. ಗ್ಲೌಸ್ ಹಾಕಿದ ಕೈಗೆ ಅದರ ಗುಂಡಿ ಸಿಗುತ್ತಲೂ ಇರಲಿಲ್ಲ.

"ನಾನೊಂದು ಮಾಡಿಕೊಡ್ತೀನಿ" ಎಂದರು ಮರಿಯಪ್ಪ.

ವಿಟ್ಬಿಯಲ್ಲಿರುವ ಮಗಳು ಹೇಮಶ್ರೀ ಫೋನಿನಲ್ಲೇ ನಕ್ಕಳು. "ಅಪ್ಪಾ, ಜಸ್ಟ್ ಬೈ ಒನ್! ಆರರ ಪ್ಯಾಕ್ ಸಿಗತ್ತೆ." ಮರುದಿನವೇ ಪ್ಯಾಕು ಬಾಗಿಲಿಗೆ ಬಂತು. ಮರಿಯಪ್ಪ ಬಿಚ್ಚದೆ ಕಪಾಟಿಗೆ ತಳ್ಳಿದರು. ಈ ಕೈ ಇನ್ನೂ ಕೈಯೇ ಹೌದೋ ಅಲ್ಲವೋ ಎಂಬುದನ್ನು ಅವರಿಗೆ ಒಂದು ಸಲ ತಿಳಿಯಬೇಕಿತ್ತು. ತಾನಾಗಿ ಕಲಿತವನಿಗೆ ಗುರುವಿಲ್ಲ. ಕೈ ಬಿಟ್ಟುಹೋದರೆ ಕೇಳಲು ಹೋಗುವ ಮನೆಯೂ ಇಲ್ಲ.

ಬೇಸ್‌ಮೆಂಟಿನಲ್ಲಿ ಅವರದೇ ಒಂದು ಸಣ್ಣ ಹಳೆಯ ಲೇಥಿತ್ತು. ಹಿತ್ತಾಳೆ ಸರಳಿನ ತುಂಡನ್ನು ಕಚ್ಚಿಸಿ, ಕೊರೆದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಮೈ ಮಾಡಿದರು. ಜಾರದಂತೆ ಅದರ ಸುತ್ತ ಒತ್ತಾಗಿ ಗೀರು ಹಾಕಿದರು. ಒಳಗೆ ಚಳಿ ತಡೆಯುವ ಲಿಥಿಯಂ ಸೆಲ್ಲು. ಬಿಳಿ ಬೆಳಕು ಹಿಮದ ಮೇಲೆ ಬಿದ್ದು ಕಣ್ಣಿಗೇ ಹೊಡೆಯುತ್ತದೆಂದು ಹಳದಿ ಎಲ್‌ಇಡಿ. ಗುಂಡಿಯೇ ಇಲ್ಲ: ತಲೆ ತಿರುಗಿಸಿದರೆ ಹತ್ತಬೇಕು, ಹಿಂದಕ್ಕೆ ತಿರುಗಿಸಿದರೆ ಆರಬೇಕು. ಹಾಗಾಗಬೇಕಾದರೆ ತಲೆಯನ್ನೂ ಮೈಯನ್ನೂ ಕೂಡಿಸುವ ತಿರುಪಿನ ಥ್ರೆಡ್ಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಬೇಕು. ಅಲ್ಲಿ ಲೋಹದ ಒಂದು ಮುಳ್ಳು ಉಳಿದರೂ, ನೀರು ತಡೆಯಲು ಹಾಕುವ ರಬ್ಬರ್ ಉಂಗುರವನ್ನು ಅದು ಸೀಳಿಬಿಡುತ್ತದೆ.

ಟಾರ್ಚಿನ ಮೈಯ ಹೊರಗಿನ ಥ್ರೆಡ್ಡನ್ನು ಕೆಳತುಟಿಗೆ ಒತ್ತಿ ತಿರುಗಿಸಿ ನೋಡಿದರು. ತುಟಿಗೆ ಇನ್ನೂ ಜೀವವಿತ್ತು. ತಲೆಯ ಒಳಗಿನ ಥ್ರೆಡ್ಡಿಗೆ ತುಟಿ ಹೋಗದು. ಬೆರಳು ಹಾಕಿದರು. ಬೆರಳು ನುಣುಪೆನ್ನಲಿಲ್ಲ, ಒರಟೆನ್ನಲಿಲ್ಲ. ಭೂತಗನ್ನಡಿ ಹಿಡಿದು ನೋಡಿ, ಸರಿಯಿದೆ ಎಂದುಕೊಂಡರು.

"ತುಟಿಗೆ ಏನಾತ್ರೀ?" ಎಂದರು ವೇದವತಿ ಊಟದ ಹೊತ್ತಿಗೆ.

"ಚಳಿಗೆ ಒಡೆದೈತೆ."

ವೇದವತಿ ತುಪ್ಪದ ಬಟ್ಟಲನ್ನು ಮುಂದೆ ಸರಿಸಿದರು.

ಟಾರ್ಚು ವೇದವತಿಯ ಕೋಟಿನ ಜೇಬು ಸೇರಿತು. ಶುಕ್ರವಾರ ದೇವರ ದೀಪಗಳ ಜೊತೆ ಅದಕ್ಕೂ ಹುಣಸೆಹಣ್ಣಿನ ಉಜ್ಜು ಸಿಕ್ಕಿತು. ಡಿಸೆಂಬರಿನ ಒಂದು ಸಂಜೆ, ಕುರ್ಚಿಯ ಮೇಲಿದ್ದ ಹೆಂಡತಿಯ ಕೋಟನ್ನು ಗೂಟಕ್ಕೆ ಹಾಕುವಾಗ ಹಗುರವಾದದ್ದೇನೋ ನೆಲಕ್ಕೆ ಬಿತ್ತು. ಹೇಮಶ್ರೀ ಕಳಿಸಿದ್ದ ಪ್ಲಾಸ್ಟಿಕ್ ಟಾರ್ಚು. ಹಿತ್ತಾಳೆಯದು ಅಡುಗೆಮನೆಯ ಡ್ರಾದಲ್ಲಿ, ಹುಣಸೆಹಣ್ಣಿನ ಡಬ್ಬಿಯ ಹಿಂದೆ ಸಿಕ್ಕಿತು. ತಲೆ ಬಿಚ್ಚಿದರು. ಒಳಗೆ ಹಸಿರು ಕಿಲುಬು, ಸೀಳಿದ ಉಂಗುರ.

"ಯಾವಾಗಿಂದ?" ಎಂದು ಹೆಂಡತಿಯನ್ನು ಕೇಳಿದರು.

"ಹೋದ ಬುಧವಾರದಿಂದ. ತೇವದ ಹಿಮ ಬಿತ್ತಲ್ಲ, ಅವತ್ತು."

"ಹೇಳಬಾರದಿತ್ತಾ?"

"ನೀವು ಹೇಳಿದ್ರಾ? ದೀಪಾವಳೀಲಿ ಉರಿಯೋ ಬತ್ತೀನ ಬೆರಳಲ್ಲೇ ಮುಂದಕ್ಕೆ ತಳ್ಳಿದ್ರಿ. ಕೈ ಹಿಂದಕ್ಕೆ ಎಳ್ಕೊಳ್ಳಲೇ ಇಲ್ಲ. ಬೊಬ್ಬೆ ಎದ್ದಿದ್ದು ಮೊದ್ಲು ನಂಗೆ ಕಂಡಿದ್ದು, ನಿಮಗಲ್ಲ. ನೀವಾಗೇ ಬಾಯಿ ಬಿಡ್ತೀರಿ ಅಂತ ಕಾದೆ."

ಮರಿಯಪ್ಪ ಕೂತರು. ನಾಚಿಕೆಯಾಗಬೇಕಿತ್ತು; ಅದೂ ಆಗಲಿಲ್ಲ. "ಲೇಥು ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದರು, ಹಳೇ ಪೇಪರು ಹೊರಗಿಡುವ ಮಾತಿನ ಹಾಗೆ.

"ಕೊಡೋದು ಆಮೇಲೆ. ಮೊದ್ಲು ನನ್ನ ಟಾರ್ಚು ಸರಿ ಮಾಡ್ರಿ. ನಿಮ್ಮ ಮಗಳು ಕೊಟ್ಟಿದ್ದು ಮಿಣುಕುಹುಳಕ್ಕಿಂತ ಕಡೆ."

ಬೇಸ್‌ಮೆಂಟಿನಲ್ಲಿ ವಾಷಿಂಗ್ ಮೆಷಿನ್ ದಾಟಿ ಲೇಥಿನವರೆಗೆ ವೇದವತಿ ಬಂದದ್ದು ಅದೇ ಮೊದಲು. ಟಾರ್ಚಿನ ತಲೆಯನ್ನು ಕೈಗೆ ತಗೊಂಡು, ನಲವತ್ತು ವರ್ಷ ಹಿತ್ತಾಳೆ ಉಜ್ಜಿದ ಬೆರಳನ್ನು ಒಳಗಿಟ್ಟು, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು.

"ಇಲ್ಲಿ. ಜಾಲಿಮುಳ್ಳು ಇದ್ದಂಗೈತೆ."

ಮರಿಯಪ್ಪ ಅಲ್ಲಿ ಗುರುತು ಹಾಕಿ ಕೆರೆದರು. "ಈಗ?"

"ಇನ್ನೂ ಐತೆ."

"ಈಗ?"

"ಹೂಂ... ತಡೀರಿ, ಇಲ್ಲ, ಐತೆ. ರೊಟ್ಟಿ ಬೆಂತಾ, ಬೆಂತಾ ಅಂತ ಒಲೆ ಮುಂದೆ ಕೂತ ಮಕ್ಕಳ ಹಂಗೆ ಕೇಳ್ಬ್ಯಾಡ್ರಿ!"

ಐವತ್ತು ವರ್ಷದಲ್ಲಿ ತಮ್ಮ ಕೆಲಸದ ಮೇಲೆ ಇನ್ನೊಬ್ಬರ ಬೆರಳು ಆಡಲು ಮರಿಯಪ್ಪ ಬಿಟ್ಟಿರಲಿಲ್ಲ. ಆರನೇ ಸಲಕ್ಕೆ ವೇದವತಿ "ನುಣ್ಣಗಾತು" ಎಂದರು. ಮರಿಯಪ್ಪ ಮತ್ತೆ ತಮ್ಮ ಬೆರಳು ಹಾಕಿ ನೋಡಲಿಲ್ಲ. ಕಿಲುಬು ಒರೆಸಿ, ಹೊಸ ಉಂಗುರ ಕೂರಿಸಿ, ಎಣ್ಣೆ ಸವರಿ ತಿರುಗಿಸಿದರು. ಹತ್ತಿತು.

ಮರುದಿನ ಬೆಳಗ್ಗೆ ತೇವದ ಹಿಮವೇ ಬೀಳುತ್ತಿತ್ತು. ಮರಿಯಪ್ಪ ಕಿಟಕಿಯಲ್ಲಿ ನಿಂತು ನೋಡಿದರು. ಹಳದಿ ಬೆಳಕು ಫುಟ್‌ಪಾತಿನುದ್ದಕ್ಕೂ ಹೋಗಿ, ಸ್ಟಾಪಿನಲ್ಲಿ ನಿಂತು, ಬಸ್ಸು ಬಂದ ಮೇಲೆ ಆರಿತು. ಸಂತೋಷವಾಯಿತೇ ಎಂದು ಕೇಳಿದರೆ, ಚಹಾ ಆರಿಹೋಗಿತ್ತು, ಬಿಸಿ ಮಾಡ್ಕೊಂಡೆ ಎನ್ನುತ್ತಾರೆ.

ಲೇಥನ್ನು ಯಾರಿಗೂ ಕೊಟ್ಟಿಲ್ಲ. ಶನಿವಾರ ವೇದವತಿಗೆ ರಜೆ. ಅವತ್ತು ಬೇಸ್‌ಮೆಂಟಿನಿಂದ ಕೂಗು ಬರುತ್ತದೆ. "ವೇದಾ, ಬೆರಳು ಬೇಕಿತ್ತು."

"ಒಗ್ಗರಣೆ ಇಟ್ಟೀನಿ, ತಡೀರಿ."

ಮರಿಯಪ್ಪ ಲೇಥು ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ಕಾಯುತ್ತಾರೆ.